ಲಿಂಬೆ ಗಿಡ ಹಚ್ಚಬೇಕೋ, ಟಮಾಟಿ ಸಸಿ ಹಚ್ಚಬೇಕೋ? ಮೊದಲು ಮನೆ ಕರಾರು ತೆಗೆದು ನೋಡ್ರಿ

ಬೀದರ್‌ನ ಗಾಂಧಿ ಗಂಜದಿಂದ ಮಾತಾಡ್ತಾ ಇದ್ದೀನಿ. ಮಧ್ಯೆ ಮಧ್ಯೆ ಟೆಂಪೊ ಹಾರ್ನ್, ಚೀಲ ಇಳಿಸೋ ಸದ್ದು ಕೇಳಿಸಿದ್ರೆ ಹೊಂದಾಣಿಕೆ ಮಾಡ್ಕೊಳ್ಳಿ. ತೊಗರಿ, ಕಡಲೆ, ಸೋಯಾ ಬರೋ ಜಾಗದಲ್ಲಿ ಕೂತು ರೆಕಾರ್ಡ್ ಮಾಡಿದ್ರೆ ಇಷ್ಟು ಗದ್ದಲ ಇರೋದೇ.

ಇವತ್ತಿನ ವಿಷಯ ಹುಳಿ. ಅಡುಗೆಮನೆಯ ಹುಳಿ. ಎರಡು ತಿಂಗಳು ನೆನಪು ಮಾಡ್ಕೊಳ್ಳಿ. ಒಂದು 2022ರ ಏಪ್ರಿಲ್. ಆಗ ದೇಶದ ಎಷ್ಟೋ ಊರುಗಳಲ್ಲಿ ಒಂದು ಲಿಂಬೆಹಣ್ಣಿಗೆ 10 ರೂಪಾಯಿ, ಕೆಲವು ಕಡೆ ಅದಕ್ಕಿಂತ ಜಾಸ್ತಿ ಆಗಿತ್ತು. ಇನ್ನೊಂದು 2023ರ ಜುಲೈ. ಟಮಾಟಿ ಕೆಜಿಗೆ 100 ರೂಪಾಯಿ ದಾಟಿತು. ಕೇಂದ್ರ ಸರ್ಕಾರವೇ ರೈತರ ಮಾರುಕಟ್ಟೆಗಳಿಂದ ಖರೀದಿ ಮಾಡಿಸಿ, ದೆಹಲಿ ಮುಂತಾದ ಕಡೆ ಮೊದಲು ಕೆಜಿಗೆ 90 ರೂಪಾಯಿಯಂತೆ ವ್ಯಾನಿನಲ್ಲಿ ಮಾರಿಸಿತು. ಆ ಖರೀದಿಯಲ್ಲಿ ನಮ್ಮ ಕೋಲಾರದ ಮಾಲೂ ಇತ್ತು. ಎರಡೂ ಸಲ ವಾಟ್ಸಾಪ್ ತುಂಬ ಜೋಕು ಓಡಾಡಿದವು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಮನಿಯಾಗೇ ಹಚ್ಚಿಬಿಡಮು, ತಲಿಬ್ಯಾನಿ ಬ್ಯಾಡ."

ಆದ್ರೆ ಏನು ಹಚ್ಚೋದು? ವರ್ಷಪೂರ್ತಿ ಹಸಿರಾಗಿರೋ ಲಿಂಬೆ ಗಿಡನಾ, ಎರಡು ತಿಂಗಳಲ್ಲಿ ಕಾಯಿ ಬಿಡೋ ಟಮಾಟಿನಾ? ಯೂಟ್ಯೂಬ್‌ನಲ್ಲಿ ಎರಡಕ್ಕೂ ನೂರಾರು ವಿಡಿಯೊ ಇವೆ. ಎಲ್ಲದರಲ್ಲೂ ಗೊಬ್ಬರ, ಮಣ್ಣು, ಔಷಧಿ ಬಗ್ಗೆ ಹೇಳ್ತಾರೆ. ನಾನು ಓದಿದ್ದು ಬಿಕಾಂ. ನನಗೆ ಮೊದಲು ಬರೋ ಪ್ರಶ್ನೆ ಬೇರೆ: ಈ ಮನೆಯಲ್ಲಿ ನೀವು ಇನ್ನೂ ಎಷ್ಟು ವರ್ಷ ಇರ್ತೀರಿ? ಮೇ ತಿಂಗಳಲ್ಲಿ ನೀರು ಹಾಕೋರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕರೆ, ಯಾವುದು ಹಚ್ಚಬೇಕು ಅನ್ನೋದು ಹೆಚ್ಚುಕಮ್ಮಿ ತಾನೇ ತೀರ್ಮಾನ ಆಗಿಬಿಡುತ್ತೆ.

ಒಂದು ಯಂತ್ರ, ಒಂದು ಮಾಲು

ಅಕೌಂಟ್ಸ್ ಓದಿದವರಿಗೆ ಇದು ಗೊತ್ತಿರಬಹುದು. ನಮ್ಮ ಅಕೌಂಟಿಂಗ್ ಸ್ಟ್ಯಾಂಡರ್ಡ್ 10ರಲ್ಲಿ "ಬೇರರ್ ಪ್ಲಾಂಟ್" ಅಂತ ಒಂದು ಮಾತಿದೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಫಸಲು ಕೊಡೋ ಗಿಡ, ಗಿಡವಾಗಿಯೇ ಮಾರಿಬಿಡೋ ಉದ್ದೇಶ ಇಲ್ಲದ್ದು. ಅಂಥದ್ದನ್ನ ಕಟ್ಟಡ, ಯಂತ್ರದ ಜೊತೆ ಸ್ಥಿರ ಆಸ್ತಿಯ ಸಾಲಿನಲ್ಲಿ ಬರೀಬೇಕು. ಟಮಾಟಿಯಂಥ ಒಂದೇ ಹಂಗಾಮಿನ ಬೆಳೆ ಆ ಸಾಲಿಗೆ ಬರೋದಿಲ್ಲ.

ಅಂದ್ರೆ ಲೆಕ್ಕಪತ್ರದ ಕಣ್ಣಲ್ಲಿ ಲಿಂಬೆ ಗಿಡ ಒಂದು ಮಷೀನು. ಮೊದಲು ದುಡ್ಡು ಹಾಕ್ತೀರಿ, ಕೂಡಿಸೋಕೆ ಸಮಯ ಹಿಡಿಯುತ್ತೆ, ಆಮೇಲೆ ವರ್ಷಗಟ್ಟಲೆ ಓಡುತ್ತೆ. ಟಮಾಟಿ ಅಂದ್ರೆ ಗಂಜದ ಅಡತಿ ಅಂಗಡಿಯ ಮಾಲು ಇದ್ದ ಹಾಗೆ: ಹಾಕು, ತೆಗಿ, ಮತ್ತೆ ಹಾಕು. ಎರಡೂ ವ್ಯಾಪಾರವೇ. ಆದ್ರೆ ಮುಂದಿನ ತಿಂಗಳು ಅಂಗಡಿ ಖಾಲಿ ಮಾಡಬೇಕಾದವನು ಹೊಸ ಮಷೀನ್ ಕೂಡಿಸೋದಿಲ್ಲ.

ಮನೆಗೆ ಎಷ್ಟು ಬೇಕು?

ಈಗ ಸ್ವಲ್ಪ ಅಂಕಿ ನೋಡೋಣ. ಇವು ನಾನು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು. ನಿಮ್ಮ ಮನೆಯ ಅಂಕಿ ಹಾಕಿ ನೀವೇ ತಿದ್ದಿಕೊಳ್ಳಿ.

ನಾಲ್ಕು ಜನರ ಮನೆ. ವಾರಕ್ಕೆ 2 ಕೆಜಿ ಟಮಾಟಿ ಬೇಕು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 104 ಕೆಜಿ. ಮಾಳಿಗೆ ಮೇಲೆ ನಾಲ್ಕು ಬಕೆಟ್‌ನಲ್ಲಿ ನಾಲ್ಕು ಸಸಿ ಹಚ್ಚಿದ್ರಿ, ಚೆನ್ನಾಗಿ ನೋಡಿಕೊಂಡ್ರಿ, ಒಂದೊಂದು ಗಿಡಕ್ಕೆ 2 ಕೆಜಿ ಸಿಕ್ತು ಅನ್ನೋಣ. ಒಟ್ಟು 8 ಕೆಜಿ. ಅಂದ್ರೆ ಒಂದು ತಿಂಗಳ ಅಡುಗೆ. ಕೆಜಿಗೆ 30 ರೂಪಾಯಿ ಹಿಡಿದ್ರೆ 240 ರೂಪಾಯಿ ಮಾಲು. ಗೊಬ್ಬರ, ಸಸಿ, ಬೇವಿನ ಹಿಂಡಿ ಎಲ್ಲ ಸೇರಿ 200 ರೂಪಾಯಿ ಖರ್ಚಾಯ್ತು ಅಂದ್ರೆ ಉಳಿದಿದ್ದು 40 ರೂಪಾಯಿ. ಒಂದು ಪ್ಲೇಟ್ ಮಿರ್ಚಿ ಭಜಿ.

ಲಿಂಬೆ? ಅದೇ ಮನೆಗೆ ವಾರಕ್ಕೆ 6 ಹಣ್ಣು ಸಾಕು. ವರ್ಷಕ್ಕೆ 312. ನೆಲದಲ್ಲಿ ಬೇರು ಬಿಟ್ಟು ಚೆನ್ನಾಗಿ ಬೆಳೆದ ಒಂದೇ ಒಂದು ಲಿಂಬೆ ಗಿಡಕ್ಕೆ ವರ್ಷಕ್ಕೆ ಕೆಲವು ನೂರು ಹಣ್ಣು ದೊಡ್ಡ ಮಾತಲ್ಲ. ಅಂದ್ರೆ ಒಂದು ಗಿಡ ಒಂದು ಮನೆಯ ಬೇಡಿಕೆಯನ್ನ ಹೆಚ್ಚುಕಮ್ಮಿ ಪೂರ್ತಿ ತೀರಿಸಬಹುದು. ಟಮಾಟಿಯಲ್ಲಿ ಹಾಗಾಗಬೇಕು ಅಂದ್ರೆ ಮಾಳಿಗೆ ತುಂಬ ಬಕೆಟ್ ಇಡಬೇಕು, ಅದೂ ಹಂಗಾಮು ಬಿಟ್ಟು ಹಂಗಾಮಿಗೆ.

ಹಾಗಾದ್ರೆ ಲಿಂಬೆನೇ ಲಾಭ ಅಲ್ಲವಾ? ನಿಲ್ರಿ. ಸಸಿಗೆ 100, ಗುಂಡಿ, ಗೊಬ್ಬರ, ಹಿಂಡಿಗೆ 300. ಮೊದಲ ಖರ್ಚು 400. ಆಮೇಲೆ ವರ್ಷಕ್ಕೆ 150 ರೂಪಾಯಿ ಗೊಬ್ಬರ, ಔಷಧಿ. ಮೂರು ವರ್ಷ ಮುಗಿಯೋ ಹೊತ್ತಿಗೆ 850 ರೂಪಾಯಿ ಹೋಗಿರುತ್ತೆ, ಕೈಗೆ ಬಂದಿದ್ದು ಹತ್ತಿಪ್ಪತ್ತು ಹಣ್ಣು. ನಾಲ್ಕನೇ ವರ್ಷ 150 ಹಣ್ಣು, ಐದನೇ ವರ್ಷ 300 ಹಣ್ಣು ಬಂತು, ಒಂದಕ್ಕೆ 4 ರೂಪಾಯಿ ಅಂತ ಹಿಡಿದ್ರೆ ಆ ಎರಡು ವರ್ಷದಲ್ಲಿ 1,800 ರೂಪಾಯಿ ಮಾಲು. ಐದನೇ ವರ್ಷದಲ್ಲಿ ಗಿಡ ತನ್ನ ಸಾಲ ತೀರಿಸಿ ಲಾಭಕ್ಕೆ ಬರುತ್ತೆ. ಮೂರನೇ ವರ್ಷ ಮನೆ ಬಿಟ್ರೆ? 850 ರೂಪಾಯಿ ನಿಮ್ಮದು, ಹಣ್ಣು ಮುಂದಿನ ಬಾಡಿಗೆದಾರರದ್ದು.

ಇದರಲ್ಲಿ ಇನ್ನೊಂದು ವಿಷಯ ಇದೆ. ಲಿಂಬೆಯಲ್ಲಿ ಬೀಜದಿಂದ ಎದ್ದ ಸಸಿ ಕಾಯಿ ಬಿಡೋಕೆ 4ರಿಂದ 5 ವರ್ಷ, ಕೆಲವು ಸಲ ಇನ್ನೂ ಜಾಸ್ತಿ ಹಿಡಿಯುತ್ತೆ. ಗೂಟಿ ಕಟ್ಟಿ ಮಾಡಿದ್ದು ಅಥವಾ ಕಸಿ ಗಿಡ 2ರಿಂದ 3 ವರ್ಷಕ್ಕೇ ಶುರುಮಾಡುತ್ತೆ. ನರ್ಸರಿಯಲ್ಲಿ 40 ರೂಪಾಯಿ ಉಳಿಸೋಕೆ ಹೋಗಿ ಬೀಜದ ಸಸಿ ತಂದ್ರೆ ನೀವು ಎರಡು ವರ್ಷ ಕೊಟ್ಟ ಹಾಗೆ. "ಇದು ಬೀಜದ್ದಾ, ಗೂಟಿದಾ, ಕಸಿದಾ?" ಅಂತ ಬಾಯಿಬಿಟ್ಟು ಕೇಳಿ. ತಳಿ ಕಾಗಜಿ ಲಿಂಬೆ ಆದ್ರೆ ಸಾಕು. ಕಾಗದದಂಥ ತೆಳು ಸಿಪ್ಪೆ, ಅದಕ್ಕೇ ಕಾಗಜಿ. ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಕಡೆ ಎಕರೆಗಟ್ಟಲೆ ಬೆಳೆಯೋದು ಇದನ್ನೇ. ಇಂಡಿ ಲಿಂಬೆಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ಹೊರೆ ಮಾಡಿ ಬೆಳೆಯೋ ಜಾಗ ನಮ್ಮ ಬೀದರ್‌ನಂಥದ್ದೇ ಬಿಸಿಲಿನ ನೆಲ ಅನ್ನೋದು ನಮಗೆ ಧೈರ್ಯ.

ರೇಟ್ ಏರಿದಾಗ ಮನೆ ಗಿಡ ಕಾಪಾಡುತ್ತಾ?

ಎಲ್ಲರೂ ಗಿಡ ಹಚ್ಚೋಕೆ ಹೊರಡೋದು ರೇಟ್ ಏರಿದ ತಿಂಗಳಲ್ಲಿ. ಆದ್ರೆ ರೇಟ್ ಯಾಕೆ ಏರುತ್ತೆ ಅಂತ ನೋಡಿದ್ರೆ ಒಂದು ಬೇಜಾರಿನ ಸಂಗತಿ ಗೊತ್ತಾಗುತ್ತೆ.

ಟಮಾಟಿ ತಗೊಳ್ಳಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಆರದೇ ಇದ್ರೆ ಹೂವು ಕಾಯಿ ಕಚ್ಚೋದಿಲ್ಲ, ಉದುರಿಬಿಡುತ್ತೆ. ಬೇಸಿಗೆಯಲ್ಲಿ ಹೂ ಉದುರಿದ್ದು, ಆಮೇಲೆ ಮಳೆಗೆ ರೋಗ ಬಂದಿದ್ದು, ಇದೆಲ್ಲ ಸೇರಿ ಜೂನ್, ಜುಲೈನಲ್ಲಿ ಮಾಲು ಕಮ್ಮಿ ಆಗುತ್ತೆ. ರೈತರ ಹೊಲದಲ್ಲಿ ಆಗಿದ್ದೇ ನಿಮ್ಮ ಬಕೆಟ್‌ನಲ್ಲೂ ಆಗುತ್ತೆ. ಬೀದರ್ ಎತ್ತರದ ಊರು, ಸಂಜೆ ಗಾಳಿ ಬೀಸುತ್ತೆ, ನಿಜ. ಆದ್ರೂ ಮೇ ತಿಂಗಳ ಆರ್‌ಸಿಸಿ ಮಾಳಿಗೆ ಅಂದ್ರೆ ರೊಟ್ಟಿ ಹಂಚು. ಅಲ್ಲಿರೋ ಟಮಾಟಿ ಗಿಡ ಜುಲೈನಲ್ಲಿ ನಿಮಗೆ ಒಂದು ಹಣ್ಣೂ ಕೊಡ್ಲಿಕ್ಕಿಲ್ಲ. ಕೊಡೋದು ಡಿಸೆಂಬರ್, ಜನವರಿಯಲ್ಲಿ. ಆಗ ಮಾರ್ಕೆಟ್‌ನಲ್ಲೂ ಅಗ್ಗ ಇರುತ್ತೆ. 2023ರಲ್ಲೇ ನೋಡಿ, ಜುಲೈನಲ್ಲಿ ನೂರು ದಾಟಿದ ಟಮಾಟಿ ಸೆಪ್ಟೆಂಬರ್ ಹೊತ್ತಿಗೆ ರೈತರು ರಸ್ತೆಗೆ ಸುರಿಯೋ ಮಟ್ಟಕ್ಕೆ ಬಿತ್ತು.

ಲಿಂಬೆಯಲ್ಲೂ ಇದೇ ಕಥೆ, ಸ್ವಲ್ಪ ಬೇರೆ ರೀತಿ. ಹೂವಿನಿಂದ ಹಣ್ಣಿಗೆ ಸುಮಾರು 5ರಿಂದ 6 ತಿಂಗಳು. ನಮ್ಮ ಪಕ್ಕದ ಮಹಾರಾಷ್ಟ್ರದ ರೈತರು ಇದಕ್ಕೆ ಮೂರು ಬಹಾರ್ ಅಂತಾರೆ. ಜನವರಿ, ಫೆಬ್ರವರಿಯಲ್ಲಿ ಹೂ ಬಿಟ್ಟರೆ ಅಂಬೆ ಬಹಾರ್, ಮಳೆಗಾಲದ ಶುರುವಿಗೆ ಬಿಟ್ಟರೆ ಮೃಗ ಬಹಾರ್, ಸೆಪ್ಟೆಂಬರ್, ಅಕ್ಟೋಬರ್‌ಗೆ ಬಿಟ್ಟರೆ ಹಸ್ತ ಬಹಾರ್. ಬೇಸಿಗೆಯಲ್ಲಿ, ಅಂದ್ರೆ ಎಲ್ಲರಿಗೂ ಶರಬತ್ತು ಬೇಕಾದಾಗ ಹಣ್ಣು ಬರಬೇಕು ಅಂದ್ರೆ ಹಸ್ತ ಬಹಾರ್ ಹಿಡಿಯಬೇಕು. ಅದಕ್ಕೆ ಮಳೆಗಾಲ ಮುಗಿಯೋ ಹೊತ್ತಿಗೆ ಗಿಡಕ್ಕೆ ಸ್ವಲ್ಪ ದಿನ ನೀರು ಸಿಗದ ಹಾಗೆ ಒಣಗಿಸಬೇಕು. ಆಗ ಮಳೆ ಹಿಡಿದು ಹೊಡೆದ್ರೆ ಹೂವಿನ ಲೆಕ್ಕ ತಪ್ಪಿತು. 2021ರ ಹಿಂಗಾರು ಹೊತ್ತಿನ ಮಳೆ, ಆಮೇಲೆ 2022ರ ಮಾರ್ಚ್‌ನ ಬಿಸಿಲು, ಎರಡೂ ಸೇರಿ ಆ ಏಪ್ರಿಲ್‌ನ 10 ರೂಪಾಯಿ ಲಿಂಬೆ ಆಯ್ತು.

ಆದ್ರೆ ಇಲ್ಲಿ ಲಿಂಬೆಗೆ ಒಂದು ಅನುಕೂಲ ಇದೆ. ಮನೆ ಹಿಂದಿನ ಗಿಡ ತೋಟದ ಗಿಡದ ಹಾಗೆ ಒಂದೇ ಬಹಾರ್‌ಗೆ ಕಟ್ಟುಬಿದ್ದಿರೋದಿಲ್ಲ. ಅಲ್ಲೊಂದು ಇಲ್ಲೊಂದು ಹೂವು ವರ್ಷವಿಡೀ ಬಿಡ್ತಾ ಇರುತ್ತೆ. ಏಪ್ರಿಲ್‌ನಲ್ಲಿ ಬುಟ್ಟಿ ತುಂಬದಿದ್ರೂ ಹತ್ತು ಹಣ್ಣು ಸಿಗಬಹುದು. ಹೆಚ್ಚು ಬಂದಾಗ ಉಪ್ಪಿನಕಾಯಿ ಹಾಕಬಹುದು, ರಸ ಹಿಂಡಿ ಐಸ್ ಟ್ರೇಯಲ್ಲಿ ಇಡಬಹುದು. ಹಾಗಾಗಿ ರೇಟ್ ವಿರುದ್ಧ ವಿಮೆ ಬೇಕು ಅಂದ್ರೆ ಲಿಂಬೆ ಅರ್ಧ ವಿಮೆ. ಟಮಾಟಿ ವಿಮೆಯೇ ಅಲ್ಲ.

ಹಾಗಾದ್ರೆ ಟಮಾಟಿ ಯಾಕೆ ಬೆಳೀಬೇಕು? ರುಚಿಗೆ. ಗಿಡದಲ್ಲೇ ಹಣ್ಣಾದ ಟಮಾಟಿ ಮತ್ತು ಹಸಿರಿರುವಾಗಲೇ ಕಿತ್ತು ಕ್ರೇಟ್‌ನಲ್ಲಿ ಕೆಂಪಾದ ಟಮಾಟಿ ಒಂದೇ ಅಲ್ಲ. ಇನ್ನೊಂದು ಕಾರಣ, ಕಲಿಯೋಕೆ. ಅರವತ್ತು, ಎಪ್ಪತ್ತು ದಿನದಲ್ಲಿ ನಿಮ್ಮ ತಪ್ಪು ನಿಮಗೆ ತೋರಿಸಿಬಿಡುತ್ತೆ. ಲಿಂಬೆ ಮೂರು ವರ್ಷ ಆದ್ಮೇಲೆ ತೋರಿಸುತ್ತೆ.

ನೀರು: ಎವರ್‌ಗ್ರೀನ್ ಅಂದ್ರೆ ರಜೆ ಇಲ್ಲ ಅಂತ ಅರ್ಥ

ಲಿಂಬೆ ನಿತ್ಯಹಸಿರು ಗಿಡ. ಎಲೆ ಉದುರೋದೇ ಇಲ್ಲ ಅಂತಲ್ಲ. ಒಂದೇ ಸಲ ಬೋಳಾಗೋದಿಲ್ಲ, ಹಳೇ ಎಲೆ ಸ್ವಲ್ಪ ಸ್ವಲ್ಪ ಉದುರುತ್ತಾ ಹೊಸದು ಬರ್ತಾ ಇರುತ್ತೆ. ಕೇಳೋಕೆ ಚೆಂದ. ಆದ್ರೆ ವರ್ಷಪೂರ್ತಿ ಎಲೆ ಇದ್ರೆ ವರ್ಷಪೂರ್ತಿ ಎಲೆಯಿಂದ ನೀರು ಆವಿಯಾಗ್ತಾನೇ ಇರುತ್ತೆ. ಅದಕ್ಕೆ ರಜೆ ಇಲ್ಲ. ಟಮಾಟಿ ಆದ್ರೆ ಮಾರ್ಚ್‌ನಲ್ಲಿ ಗಿಡ ಕಿತ್ತು, ಬಕೆಟ್ ಮಗುಚಿಟ್ಟು, ಅಂಗಡಿ ಬಂದ್ ಮಾಡಿ ಊರಿಗೆ ಹೋಗಬಹುದು.

ಆದ್ರೆ ಎರಡೂ ಬೇಸಿಗೆಯಲ್ಲಿ ಇವೆ ಅಂತ ಇಟ್ಟುಕೊಂಡ್ರೆ ಲೆಕ್ಕ ಬೇರೆ. ಮಾಳಿಗೆ ಮೇಲಿನ ನಾಲ್ಕು ಬಕೆಟ್‌ಗೆ ದಿನಾ ಒಂದೂವರೆ ಲೀಟರ್‌ನಂತೆ 6 ಲೀಟರ್, ತಿಂಗಳಿಗೆ 180. ಒಂದು ದಿನ ತಪ್ಪಿದ್ರೆ ಸಂಜೆಗೆ ತಲೆ ಬಾಗಿಸುತ್ತೆ, ಮೂರು ದಿನ ತಪ್ಪಿದ್ರೆ ಮುಗೀತು. ನೆಲದಲ್ಲಿರೋ ಎಳೆ ಲಿಂಬೆಗೆ ಮೂರು ದಿನಕ್ಕೊಮ್ಮೆ 10 ಲೀಟರ್, ತಿಂಗಳಿಗೆ ಸುಮಾರು 100. ಬೇರು ಆಳಕ್ಕಿಳಿದ ಮೇಲೆ ಒಂದು ವಾರ ನೀರು ತಪ್ಪಿದ್ರೂ ತಡ್ಕೊಳ್ಳುತ್ತೆ. ನಲ್ಲಿ ನೀರು ದಿನಾ ಬರದ ಓಣಿಯಲ್ಲಿ ಇರೋರಿಗೆ ಇದು ದೊಡ್ಡ ವ್ಯತ್ಯಾಸ.

ನಮ್ಮ ಊರಿಗೆ ನೀರಿನ ಬೆಲೆ ಹೊಸದಾಗಿ ಹೇಳಬೇಕಿಲ್ಲ. ನೌಬಾದ್ ಹತ್ತಿರ ನೆಲದೊಳಗೆ ಕೊರೆದ ಕರೇಜ್ ಇದೆಯಲ್ಲ, ಸುರಂಗ ಬಾವಿ, ಬಹಮನಿ ಕಾಲದವರು ಈ ಕೆಂಪು ಕಲ್ಲಿನ ಗುಡ್ಡದ ಮೇಲೆ ನೀರು ತರೋಕೆ ಅಷ್ಟು ಕಷ್ಟಪಟ್ಟಿದ್ದಾರೆ. ತರಕಾರಿ ತೊಳೆದ ನೀರು, ಅಕ್ಕಿ ಬೇಳೆ ತೊಳೆದ ನೀರು ಎರಡು ಗಿಡಕ್ಕೂ ಆಗುತ್ತೆ. ಸೋಪಿನ ನೀರು ಬಕೆಟ್ ಗಿಡಕ್ಕೆ ಬೇಡ.

ಮಣ್ಣು ನೋಡಿ ಗುಂಡಿ ತೋಡಿ

ಬೀದರ್ ಊರೊಳಗೆ ಕೆಂಪು ಮಣ್ಣು, ಕೆಳಗೆ ಜಂಬಿಟ್ಟಿಗೆ ಕಲ್ಲು. ನೀರು ಬೇಗ ಇಳಿದು ಹೋಗುತ್ತೆ. ಲಿಂಬೆಗೆ ಇದು ಒಳ್ಳೇದೇ, ಬೇರಲ್ಲಿ ನೀರು ನಿಲ್ಲೋದನ್ನ ಅದು ಸಹಿಸೋದಿಲ್ಲ. ಆದ್ರೆ ಕಲ್ಲು ಮೇಲೇ ಸಿಕ್ಕರೆ ಗುಂಡಿ ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ ಆಗಲೇಬೇಕು. ಹಾರೆ ಹಿಡಿದು ಅರ್ಧ ದಿನದ ಕೆಲಸ.

ಭಾಲ್ಕಿ, ಔರಾದ್ ಕಡೆ ಕಪ್ಪು ಎರೆ ಮಣ್ಣು ಜಾಸ್ತಿ. ಮಳೆಗಾಲದಲ್ಲಿ ನೀರು ಹಿಡಿದುಕೊಂಡು ಕೂರುತ್ತೆ. ಅಲ್ಲಿ ಗುಂಡಿಯಲ್ಲಿ ಹಚ್ಚೋ ಬದಲು ಒಂದು ಅಡಿ ಎತ್ತರ ಮಣ್ಣು ಏರಿಸಿ ದಿಬ್ಬದ ಮೇಲೆ ಹಚ್ಚಿ. ಸುಣ್ಣದ ಅಂಶ ಇರೋ ಎರೆ ಮಣ್ಣಲ್ಲಿ ಇನ್ನೊಂದು ತೊಂದರೆ ಬರುತ್ತೆ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಅದು ರೋಗ ಅಂತ ಔಷಧಿ ಹೊಡೀಬೇಡಿ, ಕಬ್ಬಿಣ, ಸತುವಿನ ಕೊರತೆ ಅದು. ಒಂದು ಎಲೆ ಕಿತ್ತುಕೊಂಡು ಜನವಾಡದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಬೀದರ್‌ನ ತೋಟಗಾರಿಕೆ ಕಾಲೇಜಿಗೋ ಹೋಗಿ ತೋರಿಸಿ, ಏನು ಎಷ್ಟು ಸಿಂಪಡಿಸಬೇಕು ಅಂತ ಹೇಳ್ತಾರೆ.

ಲಿಂಬೆಯ ಬುಡಕ್ಕೆ ಮಣ್ಣು ಏರಿಸಿ, ನೀರು ಕಾಂಡಕ್ಕೆ ತಾಗದ ಹಾಗೆ ಒಂದೂವರೆ ಅಡಿ ಆಚೆ ಉಂಗುರದ ಹಾಗೆ ಮಡಿ ಮಾಡಿ. ಕಾಂಡಕ್ಕೆ ಸದಾ ನೀರು ತಾಗಿದ್ರೆ ಅಂಟು ಸೋರೋ ರೋಗ ಬರುತ್ತೆ. ಗೋಡೆ, ಸಂಪ್, ಪೈಪ್‌ನಿಂದ ಎಂಟು ಹತ್ತು ಅಡಿ ದೂರ ಇರಲಿ. ಮುಳ್ಳಿನ ಗಿಡ, ಸಣ್ಣ ಮಕ್ಕಳು ಓಡಾಡೋ ದಾರಿಯಲ್ಲಿ ಬೇಡ. ಒಂದೇ ಗಿಡ ಇದ್ರೂ ಕಾಯಿ ಕಟ್ಟುತ್ತೆ, ಜೋಡಿ ಬೇಕಿಲ್ಲ.

ಹುಳದ ವಿಷಯ. ಎಳೆ ಲಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂಡ್ರೆ ಮುಟ್ಟಿ ನೋಡಿ, ಅದು ಲಿಂಬೆ ಚಿಟ್ಟೆಯ ಮರಿಹುಳ. ನಾಲ್ಕೈದು ಇದ್ರೆ ಸಣ್ಣ ಗಿಡವನ್ನ ಬೋಳು ಮಾಡುತ್ತೆ. ಕೈಯಿಂದ ತೆಗೆದ್ರೆ ಸಾಕು. ಟಮಾಟಿಗೆ ದೊಡ್ಡ ಶತ್ರು ಬಿಳಿ ನೊಣ. ಅದು ಎಲೆ ಮುದುಡು ವೈರಸ್ ತರುತ್ತೆ, ಒಮ್ಮೆ ಬಂದ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ಹಾಕಬೇಕು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ರಕ್ಷಕ್ ಅಂತ ತಳಿ ಮಾಡಿದ್ದಾರೆ. ಎಲೆ ಮುದುಡು, ಬಾಡು ರೋಗ, ಎಲೆ ಅಂಗಮಾರಿ ಮೂರನ್ನೂ ತಡ್ಕೊಳ್ಳೋದು. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಮತ್ತೆ ಹಾಕಿದ್ರೆ ಅದೇ ಗುಣ ಬರೋದಿಲ್ಲ.

ಗಂಜದವರಿಗೆ ಒಂದು ಸುಲಭ ಇದೆ. ಹರಿದ ಗೋಣಿಚೀಲ ಒಂದು ಹಂಗಾಮಿಗೆ ಒಳ್ಳೇ ಕುಂಡ ಆಗುತ್ತೆ, ನೀರು ನಿಲ್ಲೋದಿಲ್ಲ, ಆಮೇಲೆ ಕೊಳೆತು ಗೊಬ್ಬರ ಆಗುತ್ತೆ. ತೊಗರಿ ಕಟ್ಟಿಗೆ ಟಮಾಟಿಗೆ ಊರುಗೋಲು. ಸೋಯಾ ಹೊಟ್ಟು ಬುಡಕ್ಕೆ ಮುಚ್ಚಿಗೆ, ಅದರಿಂದ ತೇವ ಬೇಗ ಆರೋದಿಲ್ಲ. ಆನ್‌ಲೈನ್‌ನಲ್ಲಿ ಇದೇ ಮೂರಕ್ಕೆ ದುಡ್ಡು ಕೊಟ್ಟು ತರಿಸ್ತೀವಿ.

ಬಾಡಿಗೆ ಮನೆ, 11 ತಿಂಗಳು

ಈಗ ಅಸಲು ವಿಷಯಕ್ಕೆ ಬರ್ತೀನಿ. ಭಾಲ್ಕಿಯ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು, ಹೆಸರು ಹೇಳಬೇಡಿ ಅಂದಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಿದ್ದಾರೆ, ಅವ್ವನ ಜೊತೆ ಬಾಡಿಗೆ ಮನೆ. ಹಿತ್ತಲಲ್ಲಿ ಒಂದು ಗಿಡಕ್ಕೆ ಆಗೋಷ್ಟು ಜಾಗ ಅದ. ಅವರ ಮಾತಲ್ಲೇ ಹೇಳ್ತೀನಿ: "ಅಣ್ಣಾ, ಅವ್ವ ಲಿಂಬಿ ಹಚ್ಚು ಅಂತಾಳ. ನೌಕರಿ ಬಂದ್ರ ಎಲ್ಲಿ ಹೋಗ್ತೀನೋ ಗೊತ್ತಿಲ್ಲ. ಮಂದಿ ಜಾಗದಾಗ ಮರ ಯಾಕ ಹಚ್ಚಬೇಕು?"

ಇದು ನಮ್ಮ ವಯಸ್ಸಿನ ಎಷ್ಟೋ ಜನರ ಪ್ರಶ್ನೆ. ಕೈಯಲ್ಲಿರೋದು 11 ತಿಂಗಳ ಕರಾರು. ಯಾಕೆ 11? ಒಂದು ವರ್ಷ ಮೀರಿದ ಗುತ್ತಿಗೆಯನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ಕಡ್ಡಾಯವಾಗಿ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು, ಓಡಾಟ ಬೇಡ ಅಂತ ಹನ್ನೊಂದಕ್ಕೆ ನಿಲ್ಲಿಸ್ತಾರೆ. ಹನ್ನೊಂದು ತಿಂಗಳಲ್ಲಿ ಟಮಾಟಿ ಎರಡು ಸಲ ಬೆಳೀಬಹುದು. ಲಿಂಬೆಗೆ ಅಷ್ಟರಲ್ಲಿ ಮೊಣಕಾಲು ಎತ್ತರ. ನಮ್ಮ ಕರಾರೇ ನಮ್ಮನ್ನ ಟಮಾಟಿ ಬೆಳೆಯೋರನ್ನಾಗಿ ಮಾಡಿದೆ.

ಬಾಡಿಗೆದಾರ ಹಚ್ಚಿದ ಗಿಡ ಯಾರದ್ದು? 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 108 ಇದರ ಬಗ್ಗೆ ಹೇಳುತ್ತೆ. ಕರಾರಿನಲ್ಲಿ ಬೇರೆ ಬರೆದಿರದಿದ್ರೆ, ಬೇರೆ ಸ್ಥಳೀಯ ರೂಢಿ ಇಲ್ಲದಿದ್ರೆ, ಬಾಡಿಗೆದಾರ ತಾನು ನೆಲಕ್ಕೆ ಸೇರಿಸಿದ್ದನ್ನ ಮನೆ ತನ್ನ ಸ್ವಾಧೀನದಲ್ಲಿರೋವರೆಗೆ ತೆಗೆದುಕೊಂಡು ಹೋಗಬಹುದು. ಜಾಗ ಮೊದಲು ಹೇಗಿತ್ತೋ ಹಾಗೆ ಬಿಟ್ಟುಕೊಡಬೇಕು. ನೆಲದಲ್ಲಿ ಬೇರೂರಿದ ಗಿಡಮರವೂ ಆ ಕಾಯ್ದೆ ಪ್ರಕಾರ ನೆಲಕ್ಕೆ ಸೇರಿಸಿದ್ದೇ. ಅವಧಿ ಗೊತ್ತಿಲ್ಲದ ಗುತ್ತಿಗೆ ಬಾಡಿಗೆದಾರನ ತಪ್ಪಿಲ್ಲದೆ ಮುಗಿದ್ರೆ, ಅವನು ಬಿತ್ತಿದ, ನೆಟ್ಟ ಬೆಳೆಯನ್ನ ಬಂದು ಕೊಯ್ದುಕೊಳ್ಳೋ ಹಕ್ಕೂ ಇದೆ.

ಕಾಗದದ ಮೇಲೆ ಚೆನ್ನಾಗಿದೆ. ಆದ್ರೆ ನಾಲ್ಕು ವರ್ಷದ ಲಿಂಬೆಯನ್ನ ಬೇರು ಸಮೇತ ಕಿತ್ತು ಟೆಂಪೊಗೆ ಹಾಕಿದ್ರೆ ಅದು ಬದುಕೋ ಸಾಧ್ಯತೆ ಕಮ್ಮಿ. ಕಾನೂನು ಕೊಟ್ಟ ಹಕ್ಕನ್ನ ಬೇರು ಒಪ್ಪೋದಿಲ್ಲ. ಹಾಗಾಗಿ ಹಚ್ಚೋ ಮೊದಲೇ ಮಾಲೀಕರ ಹತ್ತಿರ ಮಾತಾಡಿ. "ಅಂಕಲ್, ಗಿಡ ಹಚ್ತೀನಿ. ಬಿಟ್ಟು ಹೋದ್ರೂ ಗಿಡ ನಿಮಗೇ ಇರುತ್ತೆ. ಈ ವರ್ಷ ಬಾಡಿಗೆ ಏರಿಸೋವಾಗ ಸ್ವಲ್ಪ ನೋಡ್ರಿ" ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ. ಅವರು ಸಸಿ, ಗೊಬ್ಬರದ ಖರ್ಚು ಕೊಟ್ಟರೂ ಸಾಕು. ಯಾಕಂದ್ರೆ ಲೆಕ್ಕದ ಪ್ರಕಾರ ಅದು ಅವರ ಸ್ಥಿರ ಆಸ್ತಿ.

ಮಧ್ಯದ ದಾರಿ ಒಂದಿದೆ: ಡ್ರಮ್. 50ರಿಂದ 60 ಲೀಟರ್‌ನ ಪ್ಲಾಸ್ಟಿಕ್ ಡ್ರಮ್‌ಗೆ ತಳದಲ್ಲಿ ತೂತು ಹೊಡೆದು, ಗೂಟಿ ಕಟ್ಟಿದ ಕಾಗಜಿ ಲಿಂಬೆ ಹಚ್ಚಬಹುದು. ನೆಲದ ಗಿಡದಷ್ಟು ಕೊಡೋದಿಲ್ಲ, ನೀರು ಜಾಸ್ತಿ ಸಲ ಕೇಳುತ್ತೆ, ಆದ್ರೆ ನಿಮ್ಮ ಜೊತೆ ಬರುತ್ತೆ. ಒದ್ದೆ ಮಣ್ಣು ತುಂಬಿದ ಡ್ರಮ್ ನೂರು ಕೆಜಿ ಹತ್ತಿರ ಆಗುತ್ತೆ, ಮಾಳಿಗೆ ಮೇಲೆ ಇಡೋದಾದ್ರೆ ನಡುವೆ ಬೇಡ, ಕೆಳಗೆ ಕಂಬ ಅಥವಾ ಗೋಡೆ ಇರೋ ಕಡೆ ಇಡಿ.

ಭಾಲ್ಕಿಯ ತಂಗಿಗೆ ನನ್ನ ಉತ್ತರ ಹೀಗೆ. ನಿನ್ನ ಲೆಕ್ಕದಲ್ಲಿ ನೀನು ಮಾತ್ರ ಇದ್ದೀ, ಅವ್ವ ಇಲ್ಲ. ನಿನಗೆ ಕಲಬುರಗಿಯಲ್ಲೋ ಬೆಂಗಳೂರಲ್ಲೋ ನೌಕರಿ ಬಂದು ಅವ್ವನೂ ಜೊತೆಗೇ ಬರೋದಾದ್ರೆ ಟಮಾಟಿ ಹಚ್ಚು, ಬಕೆಟ್ ಹಗುರ. ಅವ್ವ ಭಾಲ್ಕಿಯಲ್ಲೇ ಉಳಿಯೋದಾದ್ರೆ ದಿನಾ ಕೊಡ ಹೊತ್ತು ಮಾಳಿಗೆ ಮೆಟ್ಟಿಲು ಹತ್ತೋ ಟಮಾಟಿ ಅವ್ವನ ಮೇಲೆ ಬಿಟ್ಟು ಹೋಗಬೇಡ. ಮೂರು ದಿನಕ್ಕೊಮ್ಮೆ ನೀರು ಕೇಳೋ ಲಿಂಬೆ ಹಿತ್ತಲಲ್ಲಿ ಇರಲಿ. ಮಾಲೀಕರು ಒಪ್ಪದಿದ್ರೆ ಅಂಗಳದಲ್ಲಿ ಡ್ರಮ್.

ಯಾವಾಗ ಏನು ಮಾಡಬೇಕು

ಕೊನೆಗೆ ಒಂದು ಸಣ್ಣ ಕ್ಯಾಲೆಂಡರ್. ಸ್ಕ್ರೀನ್‌ಶಾಟ್ ತಗೊಳ್ಳೋರು ಇಲ್ಲಿಂದ ತಗೊಳ್ಳಿ.

ಏಪ್ರಿಲ್, ಮೇ: ಲಿಂಬೆಗೆ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಟಮಾಟಿ ಬೇಡ.

ಜೂನ್: ಮಿರಗ ಮಳೆ ಬಿದ್ದು ನೆಲ ತಂಪಾದ ಮೇಲೆ ಲಿಂಬೆ ಹಚ್ಚಿ. ಮೇಲ್ಮಣ್ಣು, ಕೊಳೆತ ಸಗಣಿ ಗೊಬ್ಬರ, ಎರಡು ಬೊಗಸೆ ಬೇವಿನ ಹಿಂಡಿ. ದಿನಕ್ಕೆ ಆರು ತಾಸು ಬಿಸಿಲು ಬೀಳೋ ಜಾಗ ನೋಡಿ.

ಸೆಪ್ಟೆಂಬರ್: ಟಮಾಟಿ ಬೀಜ ಟ್ರೇಯಲ್ಲಿ ಹಾಕಿ. ನಾಲ್ಕು ವಾರಕ್ಕೆ ಸಸಿ ರೆಡಿ.

ದಸರಾ ಆಸುಪಾಸು: ಸಸಿಯನ್ನ ಬಕೆಟ್‌ಗೆ, ಗೋಣಿಚೀಲಕ್ಕೆ ಬದಲಾಯಿಸಿ. ಸಂಜೆ ಹೊತ್ತು ಮಾಡಿ. ಎಳ್ಳಮಾವಾಸ್ಯೆ ಹೊತ್ತಿಗೆ ಮೊದಲ ಹಣ್ಣು ಸಿಗಬೇಕು, ಭಜ್ಜಿ ಜೊತೆ ಚಟ್ನಿಗೆ ಆಗುತ್ತೆ.

ಮಾರ್ಚ್: ಟಮಾಟಿ ಕಿತ್ತುಬಿಡಿ, ಅದೇ ಬಕೆಟ್‌ನಲ್ಲಿ ಮುಂದಿನ ಸಲ ಮತ್ತೆ ಟಮಾಟಿ ಬೇಡ, ಬದನೆ, ಮೆಣಸಿನಕಾಯಿಯೂ ಬೇಡ, ಒಂದೇ ಜಾತಿ ಅವು. ಮೆಂತೆ ಪಲ್ಯೆ ಹಾಕಿ. ಲಿಂಬೆ ಬುಡಕ್ಕೆ ಹೊಟ್ಟು ಮುಚ್ಚಿ.

ಸ್ವಂತ ಮನೆ, ಸ್ವಲ್ಪ ನೆಲ ಇದ್ದೋರು ಆಯ್ಕೆ ಮಾಡೋ ತಾಪತ್ರಯವೇ ಬೇಡ. ಜೂನ್‌ನಲ್ಲಿ ಲಿಂಬೆ, ಅಕ್ಟೋಬರ್‌ನಲ್ಲಿ ಟಮಾಟಿ. ಮಷೀನ್ ಕೂಡೋವರೆಗೆ ಮಾಲಿನ ವ್ಯಾಪಾರ ನಡೀಲಿ. ಬಾಡಿಗೆ ಮನೆಯವರು ಈ ರಾತ್ರಿ ಕರಾರು ತೆಗೆದು ತಾರೀಕು ನೋಡಿ, ಮನೆಯಲ್ಲಿ ಉಳಿಯೋರು ಯಾರು ಅಂತ ಕೂತು ಮಾತಾಡಿ, ಆಮೇಲೆ ನರ್ಸರಿಗೆ ಹೋಗಿ.

ಔರಾದ್, ಭಾಲ್ಕಿ, ಹುಮನಾಬಾದ್ ಕಡೆಯವರು ನಿಮ್ಮ ಮನೆ ಲಿಂಬೆ ಎಷ್ಟನೇ ವರ್ಷಕ್ಕೆ ಕಾಯಿ ಬಿಡ್ತು ಅಂತ ವಾಯ್ಸ್ ನೋಟ್ ಹಾಕಿ. ಬೀಜದ್ದಾ ಗೂಟಿದಾ ಅಂತಲೂ ಹೇಳಿ. ಬಂದಿದ್ದನ್ನೆಲ್ಲ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಓದ್ತೀನಿ.